ಐದನೆಯ ಇಯತ್ತೆಯ ಅಕ್ಕೋರು ಮತ್ತು ನಾವು

2024ರ ನವೆಂಬರ್ ಕೊನೆಯ ವಾರದಲ್ಲಿ ನಾನು ಚಾಕಣದ ಒಂದು ಸರಕಾರಿ ಶಾಲೆಗೆ ಜಗಳವಾಡಲಿಕ್ಕೆಂದೇ ಹೋದೆ. ಜೊತೆಗೆ ನಮ್ಮ ಸಂಘದ ಸದಸ್ಯರೊಬ್ಬರಿದ್ದರು. ಅವರು ಕಲಬುರಗಿ ಜಿಲ್ಲೆಯವರು, ಇಲ್ಲಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಪಾತಿ ಬೇಯಿಸುವವರು. ಅವರ ಮಗಳು ಐದನೆಯ ಇಯತ್ತೆಯಲ್ಲಿದ್ದಳು. ಸ್ಕಾಲರ್‌ಶಿಪ್ ಪರೀಕ್ಷೆಯ ಪಟ್ಟಿಯಲ್ಲಿ ಹುಡುಗಿಯ ಹೆಸರಿಲ್ಲ, ಕನ್ನಡದವರ ಮಗಳೆಂದು ಬಿಟ್ಟಿದ್ದಾರೆ ಎಂಬುದು ಅವರ ದೂರು. ಕೇಳಿದ ಕೂಡಲೇ ನನಗೆ ಸಿಟ್ಟು ಬಂತು. ಹನ್ನೆರಡು ವರ್ಷ ಹೋಟೆಲಿನಲ್ಲಿ ತಟ್ಟೆ ಎತ್ತಿದವನು ನಾನು. ಯಾರನ್ನಾದರೂ ಮೂಲೆಗೆ ತಳ್ಳಿದರೆಂದರೆ ಸುಮ್ಮನಿರಲಾರೆ.

ಅಂದು ನನ್ನ ಮಾತು ಅರ್ಧ ಸರಿಯಾಗಿತ್ತು, ಅರ್ಧ ತಪ್ಪಾಗಿತ್ತು. ಆ ತಪ್ಪಿನ ಅರ್ಧವನ್ನು ಬಂಧುಗಳ ಮುಂದೆ ಇಡಬೇಕೆಂದೇ ಈ ಬರಹ.

ಶಾಲೆಗೆ ಹೋದಾಗ ಅಕ್ಕೋರು ಒಂದು ಕೋಣೆಯಲ್ಲಿ ಐವತ್ತರ ಹತ್ತಿರ ಮಕ್ಕಳನ್ನು ಕೂಡಿಸಿಕೊಂಡು ನಿಂತಿದ್ದರು. ಕಾನೂನಿನಂತೆ ಒಂದರಿಂದ ಐದನೆಯ ಇಯತ್ತೆಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ನವೆಂಬರ್ 20ರಂದು ವಿಧಾನಸಭೆಯ ಮತದಾನ ಮುಗಿದಿತ್ತು. ಅದರ ಕೆಲಸಕ್ಕೆ ಹೋಗಿ ಬಂದ ಅವರ ಮೇಜಿನ ಮೇಲೆ ತಿದ್ದದ ವಹಿಗಳು ರಾಶಿಬಿದ್ದಿದ್ದವು. ದನಿ ಒಡೆದುಹೋಗಿತ್ತು. ಜಗಳಕ್ಕೆ ಬಂದ ನಮ್ಮನ್ನು ಕಂಡು ಅವರು ಸಿಟ್ಟಾಗಲಿಲ್ಲ. ಒಂದು ಬೆಂಚು ತೋರಿಸಿ, ಕೂತುಕೊಳ್ಳಿ, ಗಂಟೆ ಬಾರಿಸಲಿ ಎಂದರು. ಹೋಟೆಲಿನ ಗಲ್ಲೆಯ ಮುಂದೆ ಕಲಿತ ಮರಾಠಿಯಲ್ಲಿ ನಾನು ಮಾತಾಡಿದೆ.

ಈ ಪರೀಕ್ಷೆಗಳ ವಿಷಯ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸ್ಕಾಲರ್‌ಶಿಪ್ ಪರೀಕ್ಷೆಯನ್ನು ಪುಣೆಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ. ಎರಡು ಪತ್ರಿಕೆ, ಒಟ್ಟು 300 ಅಂಕ. ಮೊದಲ ಭಾಷೆ, ಗಣಿತ, ಇಂಗ್ಲೀಷು, ಬುದ್ಧಿಪರೀಕ್ಷೆ. ಮೊದಲು ಇದು 4 ಮತ್ತು 7ನೆಯ ಇಯತ್ತೆಗಿತ್ತು. 2017ರಿಂದ 5 ಮತ್ತು 8ಕ್ಕೆ ಬಂತು. 2025ರಲ್ಲಿ ಮತ್ತೆ 4 ಮತ್ತು 7ಕ್ಕೇ ಒಯ್ಯುವ ನಿರ್ಣಯವಾಯಿತು. ಕನ್ನಡ ಮಾಧ್ಯಮಕ್ಕೂ ಪ್ರಶ್ನೆಪತ್ರಿಕೆ ಇರುತ್ತದೆ. ಆದರೆ ಚಾಕಣದಲ್ಲಿ ನಮ್ಮ ಮಕ್ಕಳು ಓದುವುದು ಮರಾಠಿ ಶಾಲೆಯಲ್ಲಿ.

ಎರಡನೆಯದು ವಾರ್ಷಿಕ ಪರೀಕ್ಷೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಎಂಟನೆಯ ಇಯತ್ತೆಯವರೆಗೆ ಯಾರನ್ನೂ ನಪಾಸು ಮಾಡುವಂತಿರಲಿಲ್ಲ. 2019ರ ತಿದ್ದುಪಡಿ 5 ಮತ್ತು 8ರಲ್ಲಿ ಪರೀಕ್ಷೆಗೆ ದಾರಿ ಮಾಡಿತು. ಮಹಾರಾಷ್ಟ್ರ 2023-24ರಿಂದ ಅದನ್ನು ಜಾರಿಗೆ ತಂದಿತು. ನಪಾಸಾದ ಮಗುವಿಗೆ ಪಾಠ ಹೇಳಿ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು. ಅದರಲ್ಲೂ ಬಿದ್ದರೆ ಅದೇ ವರ್ಗದಲ್ಲಿ ಕೂಡಬೇಕು. ಕರ್ನಾಟಕದಲ್ಲಿಯೂ 2023 ಮತ್ತು 2024ರಲ್ಲಿ ಇಂಥ ಪರೀಕ್ಷೆ ಕೋರ್ಟಿನ ಮೆಟ್ಟಿಲು ಹತ್ತಿತು. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಹಿಡಿಯಿತು.

ನಮ್ಮ ಹಿರಿಯರಿಗೆ ಮುಲ್ಕಿ ಪರೀಕ್ಷೆ ನೆನಪಿರಬಹುದು. ಏಳನೆಯ ಇಯತ್ತೆಯ ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು. ಈಗ ಹತ್ತು ವರ್ಷದ ಕೂಸಿಗೆ ಒಂದೇ ವರ್ಷದಲ್ಲಿ ಎರಡು ಪರೀಕ್ಷೆ ಬಂದಿದ್ದವು, ಅವೆರಡರ ಭಾರವೂ ಒಬ್ಬ ಅಕ್ಕೋರ ತಲೆಯ ಮೇಲಿತ್ತು.

ಗಂಟೆ ಬಾರಿಸಿದ ಮೇಲೆ ಅಕ್ಕೋರು ನಿಜವನ್ನೇ ಹೇಳಿದರು. ಮೇಲಿನವರ ಸಭೆಯಲ್ಲಿ ಕೇಳುವುದು ಒಂದೇ ಮಾತು: ನಿಮ್ಮ ಶಾಲೆಯಿಂದ ಎಷ್ಟು ಮಕ್ಕಳು ಪಾಸು? ಅದಕ್ಕೆಂದು ಪಾಸಾಗುವಂತೆ ಕಾಣುವ ಮಕ್ಕಳ ಹೆಸರನ್ನೇ ಮೊದಲು ಬರೆದರು. ಹುಡುಗಿಗೆ ಮರಾಠಿ ಓದುವುದು ನಿಧಾನ, ಆದ್ದರಿಂದ ಹೆಸರು ಬಿಟ್ಟರು. ಅದು ತಪ್ಪೆಂದು ಅವರಿಗೆ ಗೊತ್ತಿತ್ತು. ಹೇಳುವಾಗ ತಲೆ ತಗ್ಗಿಸಿದರು.

ಆಮೇಲೆ ಅವರು ತಂದೆಯನ್ನು ಕೇಳಿದರು: ಮೂರು ವರ್ಷದಲ್ಲಿ ಇದು ಹುಡುಗಿಯ ಎಷ್ಟನೆಯ ಶಾಲೆ? ಮೂರನೆಯದು. ಜೂನ್ ತಿಂಗಳಿಂದ ನೀವು ಎಷ್ಟು ಸಲ ಶಾಲೆಗೆ ಬಂದಿರಿ? ಇದೇ ಮೊದಲು. ದೀಪಾವಳಿಗೆ ಊರಿಗೆ ಹೋದವರು ರಜೆ ಮುಗಿದ ಎಷ್ಟು ದಿನಕ್ಕೆ ತಿರುಗಿ ಬಂದಿರಿ? ಸದಸ್ಯರು ಮಾತಾಡಲಿಲ್ಲ. ಅವರಿಗೆ ವಾರದ ರಜೆಯೇ ಸರಿಯಾಗಿ ಸಿಗುವುದಿಲ್ಲ. ಶಾಲೆಯ ಪಾಲಕರ ಸಭೆ ಇರುವುದು ಊಟದ ಪಾಳಿಯ ಹೊತ್ತಿಗೆ. ನಾನೂ ಸುಮ್ಮನಾದೆ. ನನ್ನ ಮಗನ ಶಾಲೆಗೆ ನಾನು ಹೋದದ್ದೂ ಹೆಸರು ಹಚ್ಚಿದ ದಿನ ಒಂದೇ ಸಲ.

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಅಕ್ಕೋರು ಹಲಗೆಯ ಮೇಲಿದ್ದ ಮರಾಠಿ ಲೆಕ್ಕವನ್ನು ತೋರಿಸಿದಾಗ ಅವಳು ನೆಲ ನೋಡಿದಳು. ಅದನ್ನೇ ನಾನು ಕನ್ನಡದಲ್ಲಿ ಕೇಳಿದೆ: ಒಂದು ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಬಿಸ್ಕೀಟು, ಹದಿನೈದು ಡಬ್ಬಿಯಲ್ಲಿ ಎಷ್ಟು? ಬೆರಳು ಎಣಿಸದೆ ಮುನ್ನೂರ ಅರವತ್ತು ಎಂದಳು. ಅಕ್ಕೋರು ಅವಳ ಮುಖವನ್ನೇ ನೋಡುತ್ತ ನಿಂತರು. ಐವತ್ತು ಮಕ್ಕಳ ನಡುವೆ ಅವರಿಗೆ ಅದು ತಿಳಿಯಲು ಎಡೆಯಿರಲಿಲ್ಲ. ತಿಳಿಸಬೇಕಾಗಿದ್ದ ನಾವು ಹತ್ತಿರ ಸುಳಿದಿರಲಿಲ್ಲ.

ಇಲ್ಲಿ ಕೆಲವರು ಹೇಳಬಹುದು: ಸರಕಾರಿ ಶಿಕ್ಷಕರಿಗೆ ಕಾಯಂ ನೌಕರಿ, ಒಳ್ಳೆಯ ಪಗಾರ, ದೀಪಾವಳಿ ಬೇಸಿಗೆ ರಜೆ, ಹನ್ನೆರಡು ತಾಸು ನಿಂತು ದುಡಿಯುವ ನಾವು ಅವರಿಗಾಗಿ ಮರುಗಬೇಕೆ? ಮರುಗಬೇಕೆಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕಿರೆಂದು ಹೇಳುತ್ತೇನೆ. 1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರು ತಿಂಗಳು ಮುಷ್ಕರ ಹೂಡಿದ್ದೇಕೆ? ಒಬ್ಬನ ಮೇಲೆ ಹೆಚ್ಚು ಮಗ್ಗ ಹೇರಿ ಆಳುಗಳನ್ನು ಕಡಿಮೆ ಮಾಡಹೊರಟದ್ದು ಅದರ ಒಂದು ದೊಡ್ಡ ಕಾರಣ. ಹೆಚ್ಚು ಮಗ್ಗ ಹೇರಿದರೆ ನೂಲು ಹರಿಯುತ್ತದೆ. ಇಬ್ಬರು ರಜೆ ಹಾಕಿದ ದಿನ ಒಬ್ಬನೇ ಹುಡುಗನಿಗೆ ಹನ್ನೆರಡು ಮೇಜು ಕೊಟ್ಟರೆ ಅವನು ಮೊದಲು ಹೆಚ್ಚು ಬಿಲ್ಲಿನ ಮೇಜಿನ ಕಡೆಗೇ ಓಡುತ್ತಾನೆ. ಮೂಲೆಯಲ್ಲಿ ಒಂದು ಚಹಾ ಹೇಳಿದ ಬಡವ ಕಾಯುತ್ತ ಕೂಡುತ್ತಾನೆ. ಶಾಲೆಯಲ್ಲಿ ಆ ಮೂಲೆಯ ಮೇಜು ನಮ್ಮ ಮಕ್ಕಳದು.

ಪಾಸಿನ ಎಣಿಕೆಯಿಂದ ಶಿಕ್ಷಕರನ್ನು ಅಳೆಯುವುದು ಹಳೆಯ ರೋಗ. 1862ರಲ್ಲಿ ಇಂಗ್ಲೆಂಡಿನ ಸರಕಾರ, ಓದು ಬರಹ ಲೆಕ್ಕಗಳಲ್ಲಿ ಎಷ್ಟು ಮಕ್ಕಳು ಪಾಸಾದರೋ ಅದನ್ನು ನೋಡಿ ಶಾಲೆಗೆ ಹಣ ಕೊಡುವ ನಿಯಮ ಮಾಡಿತು. ಮಕ್ಕಳು ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಸುಮಾರು ಮೂವತ್ತು ವರ್ಷದ ಮೇಲೆ ಆ ಪದ್ಧತಿಯನ್ನು ಕೈಬಿಟ್ಟರು.

ಅಂದಿನಿಂದ ನಾನು ಆ ಅಕ್ಕೋರನ್ನು ಹಲವು ಸಲ ಕಂಡಿದ್ದೇನೆ. ಆ ವರ್ಷವನ್ನು ಹೇಗೆ ತಡೆದುಕೊಂಡಿರಿ ಎಂದು ಕೇಳಿದೆ. ದಿನವೂ ಮಾದರಿ ಪತ್ರಿಕೆ ಬರೆಸುವುದನ್ನು ಬಿಟ್ಟು ವಾರಕ್ಕೆ ಒಂದು ದಿನಕ್ಕಿಳಿಸಿದರಂತೆ. ಉಳಿದ ದಿನ ಪಾಠ. ವಹಿಗಳನ್ನು ಮನೆಗೆ ಹೊರುವುದನ್ನು ನಿಲ್ಲಿಸಿ, ಮಕ್ಕಳೇ ಜೋಡಿಯಾಗಿ ಕೂತು ತಪ್ಪು ಹುಡುಕುವಂತೆ ಮಾಡಿದರಂತೆ. ಪಕ್ಕದ ವರ್ಗದ ಮಾಸ್ತರರೂ ಅವರೂ ಕೂಡಿ ಗಣಿತ ಒಬ್ಬರಿಗೆ, ಇಂಗ್ಲೀಷು ಒಬ್ಬರಿಗೆ ಎಂದು ಹಂಚಿಕೊಂಡರಂತೆ. ಒಬ್ಬರ ಹೊರೆ ಇಬ್ಬರಾದರೆ ಇಳಿಯುತ್ತದೆಂಬುದನ್ನು ಸಂಘದವರಾದ ನಮಗೆ ಬೇರೆ ಹೇಳಬೇಕೆ?

ನಾವು ಮಾಡಿದ್ದು ಸಣ್ಣ ಕೆಲಸ. ವಾರಕ್ಕೆ ಎರಡು ಸಂಜೆ ಸದಸ್ಯರೊಬ್ಬರ ಖೋಲಿಯಲ್ಲಿ ಮಕ್ಕಳನ್ನು ಕೂಡಿಸಿದೆವು. ಮರಾಠಿ ಕನ್ನಡ ಎರಡೂ ಬಲ್ಲ ಒಬ್ಬ ಹುಡುಗ ಲೆಕ್ಕವನ್ನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾನೆ. ಹುಡುಗಿ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂಡಲಿಲ್ಲ, ಆ ಅವಕಾಶ ಹೋಯಿತು. ಅದನ್ನು ನಾನು ಮರೆಮಾಚುವುದಿಲ್ಲ. ಏಪ್ರಿಲಿನ ವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗಿ ಆರನೆಯ ಇಯತ್ತೆಗೆ ಹೋದಳು.

ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರು ಒಂದು ಮಾತು ಹೇಳುತ್ತಾರೆ: ಪಾಠ ಎಷ್ಟು ಚೆನ್ನಾಗಿದ್ದರೂ ಮಾಲಿಕ ಸಂಜೆ ಹೊತ್ತಿಗೆ ಸರಿಯಾಗಿ ಬಿಟ್ಟರೆ ಮಾತ್ರ ಓದು. ಆಗ ಅದು ಹೋಟೆಲು ಹುಡುಗನ ಮಾತು. ಈಗ ಅದು ತಂದೆತಾಯಿಗಳ ಮಾತು. ಆದ್ದರಿಂದ ಚಾಕಣದ ಕ್ಯಾಂಟೀನು ಹೋಟೆಲುಗಳಲ್ಲಿ ನಾವು ಬೇಡಿಕೆಯ ಪಟ್ಟಿಗೆ ಒಂದು ಸಾಲು ಸೇರಿಸಬೇಕೆಂದು ನನ್ನ ಅಭಿಪ್ರಾಯ: ಪಾಲಕರ ಸಭೆಯ ದಿನ ಪಗಾರ ಕಡಿಯದೆ ಅರ್ಧ ದಿನದ ರಜೆ.

ಇನ್ನು ಸರಕಾರಕ್ಕೆ. ಶಿಕ್ಷಕರನ್ನು ಜನಗಣತಿ, ಚುನಾವಣೆ, ವಿಪತ್ತಿನ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದೆಂದು 2009ರ ಕಾಯಿದೆಯೇ ಹೇಳುತ್ತದೆ. ಮತದಾರರ ಪಟ್ಟಿಯಂಥ ಕೆಲಸವನ್ನು ರಜೆಯ ದಿನ, ಪಾಠವಿಲ್ಲದ ಹೊತ್ತಿನಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದೆ. ಇದು ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ಶಿಕ್ಷಕರ ಸಂಘಕ್ಕೆ ಮಾತ್ರವಲ್ಲ, ಮಕ್ಕಳನ್ನು ಕಳಿಸುವ ನಮಗೂ ಇದೆ.

ಮತ್ತು ನಮಗೆ ನಾವೇ. ಪರೀಕ್ಷೆಯ ವರ್ಷ ನಡುವೆ ಶಾಲೆ ಬದಲಿಸಬೇಡಿ. ಊರಿಗೆ ಹೋದರೆ ರಜೆ ಮುಗಿಯುವ ಮೊದಲೇ ತಿರುಗಿ ಬನ್ನಿ. ಜೂನ್ ತಿಂಗಳಲ್ಲಿಯೇ ಶಾಲೆಗೆ ಹೋಗಿ, ನನ್ನ ಮಗುವಿಗೆ ಇದು ಬರುತ್ತದೆ, ಇದು ಬರುವುದಿಲ್ಲ ಎಂದು ಅಕ್ಕೋರಿಗೆ ಹೇಳಿ. ಮರಾಠಿ ಬಾರದಿದ್ದರೆ ಸಂಘಕ್ಕೆ ತಿಳಿಸಿ, ಜೊತೆಗೆ ಒಬ್ಬರು ಬರುತ್ತೇವೆ. ನಾವು ಹೋದದ್ದು ನವೆಂಬರಿನಲ್ಲಿ. ಅಷ್ಟರಲ್ಲಿ ಪಟ್ಟಿ ಬರೆದು ಆಗಿತ್ತು.