ಹಾಳೆಗೂ ಇರಲಿ ಅಂಕಿತ



ಕಳೆದ ಬಸವ ಜಯಂತಿಯ ಸಾಮೂಹಿಕ ಪಠಣಕ್ಕಾಗಿ ಹಳಿಯಾಳದ ಭಕ್ತರಿಗೆ ಆರು ಪುಟಗಳಷ್ಟು ವಚನಗಳನ್ನು ನಾವು ಆಯ್ದು ಕೊಟ್ಟಿದ್ದೆವು. ಗಣಕಯಂತ್ರದಲ್ಲಿ ಸಿದ್ಧವಾದ ಆ ಹಾಳೆಗಳನ್ನು ಎರಡು ಸಲ ತಿದ್ದಿದೆವು. ಮೂರೂ ಪ್ರತಿಗಳು ನಮ್ಮ ಮೇಜಿನ ಮೇಲೆಯೇ ಇದ್ದವು. ಜೋಡಿಸುವಾಗ ಮೊದಲ ಪ್ರತಿಯ ನಾಲ್ಕನೆಯ ಪುಟವು ಕೊನೆಯ ಪ್ರತಿಯೊಳಗೆ ಸೇರಿಹೋಯಿತು. ಅದರಲ್ಲಿ ಸಿದ್ಧರಾಮ ಶಿವಯೋಗಿಗಳ ವಚನವೊಂದಕ್ಕೆ ಬಸವಣ್ಣನವರ ಅಂಕಿತ ಬಿದ್ದಿತ್ತು. ಸಭೆಯೆಲ್ಲ ಅದನ್ನೇ ಪಠಿಸಿತು. ಕೊನೆಗೆ ವಯೋವೃದ್ಧ ಶರಣೆಯೊಬ್ಬರು ಬಳಿಗೆ ಬಂದು, "ಶಾಸ್ತ್ರಿಗಳ, ಇದು ಸೊನ್ನಲಿಗೆಯವರ ವಚನ ಅಲ್ಲೇನ್ರಿ?" ಎಂದಾಗ ನಾವು ತಲೆ ತಗ್ಗಿಸಬೇಕಾಯಿತು. ತಪ್ಪು ನಮ್ಮದೇ.

ಚನ್ನಬಸವಣ್ಣನವರೊಡನೆ ಶರಣರು ಕಲ್ಯಾಣದಿಂದ ಜೋಯಿಡಾ ಸೀಮೆಯ ಉಳವಿಗೆ ವಚನದ ಕಟ್ಟುಗಳನ್ನು ಹೊತ್ತು ತಂದರೆಂದು ಪರಂಪರೆ ಹೇಳುತ್ತದೆ. ಓಲೆಯ ಕಟ್ಟಿಗೆ ದಾರವೇ ಆಧಾರ. ದಾರ ಹರಿದರೆ ಗರಿಗಳು ಚದುರುತ್ತವೆ. ಆದುದರಿಂದಲೇ ಲಿಪಿಕಾರರು ಗರಿಯ ಅಂಚಿನಲ್ಲಿ ಸಂಖ್ಯೆ ಬರೆದರು. ಕಟ್ಟಿನ ಕೊನೆಯಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರುಗಳನ್ನು ಬರೆದಿಟ್ಟವರೂ ಉಂಟು. ಫ.ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ವಚನ ಯಾರದೆಂಬುದನ್ನು ಅಂಕಿತ ಹೇಳುತ್ತದೆ. ಪ್ರತಿ ಯಾವುದು, ಎಷ್ಟನೆಯ ತಿದ್ದುಪಡಿ ಎಂಬುದನ್ನು ಅದು ಹೇಳಲಾರದು.

ಮುಂಡಗೋಡದ ಟಿಬೇಟಿಯನ್ ಮಠಗಳ ಸಾಂಪ್ರದಾಯಿಕ ಗ್ರಂಥಗಳಿಗೆ ಹೊಲಿಗೆಯೇ ಇಲ್ಲ. ಉದ್ದನೆಯ ಬಿಡಿ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಹಾಳೆಯ ಎಡ ಅಂಚಿನಲ್ಲಿ ಸಂಪುಟದ ಅಕ್ಷರ, ಗ್ರಂಥದ ಸಂಕ್ಷಿಪ್ತ ನಾಮ, ಹಾಳೆಯ ಸಂಖ್ಯೆ ಇರುತ್ತವೆ. ಒಂದು ಹಾಳೆ ಜಾರಿ ಬಿದ್ದರೂ ಅದರ ಮನೆ ತಿಳಿಯುತ್ತದೆ. ನಮಗೋ ದಾಂಡೇಲಿಯ ಕಾಗದ ಪಕ್ಕದಲ್ಲಿಯೇ ಇದೆ. ಪ್ರತಿಯ ಮೇಲೆ ಪ್ರತಿ ತೆಗೆಯುವ ಚಟವೂ ಬೆಳೆದಿದೆ!

ಉಪಾಯವನ್ನು ತರುಣರೊಬ್ಬರು ನಮಗೆ ಕಲಿಸಿದರು. ವರ್ಡ್ ತಂತ್ರಾಂಶದಲ್ಲಿ 'ಇನ್ಸರ್ಟ್' ಪಟ್ಟಿಯಿಂದ 'ಫೂಟರ್' ತೆರೆದು, 'ಕ್ವಿಕ್ ಪಾರ್ಟ್ಸ್'ನೊಳಗಿನ 'ಫೀಲ್ಡ್'ಗೆ ಹೋಗಿ 'ಫೈಲ್‌ನೇಮ್' ಆರಿಸಿದರೆ ಕಡತದ ಹೆಸರು ಪ್ರತಿ ಪುಟದ ಅಡಿಯಲ್ಲಿ ಮೂಡುತ್ತದೆ. ಹೆಸರಿನಲ್ಲಿಯೇ 'ಪಠಣ-ತಿದ್ದುಪಡಿ-3' ಎಂಬಂತೆ ಸಂಖ್ಯೆ ಇರಬೇಕು; 'ಫೈನಲ್' ಎಂದು ಹೆಸರಿಟ್ಟ ಕಡತಗಳು ನಮ್ಮಲ್ಲಿಯೇ ನಾಲ್ಕು ಇವೆ. ದಿನಾಂಕದ ವಿಷಯದಲ್ಲಿ ಎಚ್ಚರ ಅಗತ್ಯ. 'ಡೇಟ್' ಆರಿಸಿದರೆ ಅಂದಂದಿನ ತಾರೀಖೇ ಬೀಳುವುದರಿಂದ ಹಳೆಯ ಕರಡೂ ಹೊಸದರ ವೇಷ ಧರಿಸುತ್ತದೆ. 'ಸೇವ್‌ಡೇಟ್' ಆರಿಸಿದರೆ ಕಡತವನ್ನು ಕೊನೆಯ ಸಲ ಉಳಿಸಿದ ದಿನ ಬರುತ್ತದೆ. ಪುಟಸಂಖ್ಯೆಯ ಜೊತೆಗೆ ಒಟ್ಟು ಪುಟಗಳನ್ನೂ ಕೊಟ್ಟರೆ ಕಳೆದುಹೋದ ಹಾಳೆ ತಕ್ಷಣ ಗೊತ್ತಾಗುತ್ತದೆ. ಮನೆತನದ ವಂಶಾವಳಿ, ದಾಸೋಹದ ಲೆಕ್ಕಪತ್ರಗಳಿಗೂ ಈ ಕ್ರಮ ಒಳ್ಳೆಯದು.

ಹಳಿಯಾಳದ ಭಕ್ತರಲ್ಲಿ ಒಂದು ವಿನಂತಿ. ಅಡಿಯಲ್ಲಿ ಬರಿಯ '4' ಎಂದಿರುವ ಹಾಳೆ ತಮ್ಮ ಮನೆಯಲ್ಲಿದ್ದರೆ ಅದನ್ನು ಪಠಣಕ್ಕೆ ಬಳಸಬಾರದು. ಉಳವಿ ಜಾತ್ರೆಗೆ ಬರುವಾಗ ಅದನ್ನು ತಂದುಕೊಟ್ಟು, 'ತಿದ್ದುಪಡಿ-3, ಪುಟ 4/6' ಎಂದಿರುವ ಹಾಳೆಯನ್ನು ನಮ್ಮಿಂದ ಪಡೆದುಕೊಳ್ಳಬೇಕು.