ಗಿಟಾರಿಗೆ ಇಸವಿಯಿದೆ, ಬೀಟೆಗೆ ಊರಿಲ್ಲ

ಅರೋರಾದ ವಾದ್ಯದಂಗಡಿಯೊಂದರಲ್ಲಿ ಕಳೆದ ವಾರ ಗಿಬ್ಸನ್ ಇಎಸ್-335 ಗಿಟಾರಿನ ಮರುಆವೃತ್ತಿಯನ್ನು ಕೈಗೆತ್ತಿಕೊಂಡು ನೋಡಿದೆ. 1958ರಲ್ಲಿ ಮೊದಲು ಬಂದ ವಾದ್ಯವಿದು: ಇಕ್ಕೆಲಗಳಲ್ಲಿ ಪೊಳ್ಳು, ನಡುವೆ ಮೇಪಲ್ ಮರದ ಗಟ್ಟಿ ತುಂಡು. ಈ ಪ್ರತಿಯಲ್ಲಿ 1959ರ ಬಣ್ಣ, ಕತ್ತಿನ ದಪ್ಪ ಎಲ್ಲವನ್ನೂ ಶ್ರದ್ಧೆಯಿಂದ ಮರುಕಳಿಸಿದ್ದಾರೆ. ಬೆರಳಾಡುವ ಪಟ್ಟಿಯ ಬಗ್ಗೆ ಮಾತ್ರ ವಿವರಪತ್ರದಲ್ಲಿ ಎರಡೇ ಪದ: ‘ಇಂಡಿಯನ್ ರೋಸ್‌ವುಡ್’. ಅಂದರೆ ನಮ್ಮ ಬೀಟೆ.

ಮೂಲದಲ್ಲಿದ್ದುದು ಬ್ರೆಜಿಲ್‌ನ ರೋಸ್‌ವುಡ್. ಆ ಮರ ವಿರಳವಾದಾಗ ಬೀಟೆ ಅದರ ಜಾಗಕ್ಕೆ ಬಂತು. 1992ರಲ್ಲಿ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ನಿಷಿದ್ಧವಾಯಿತು. ಪ್ರತಿಯು ಮೂಲಕ್ಕೆ ನಿಷ್ಠೆ ತಪ್ಪಿದ ಈ ಒಂದು ಜಾಗದಲ್ಲಿ ಬರಿದಾದ ಕಾಡೊಂದರ ಚರಿತ್ರೆಯಿದೆ.

2011ರಲ್ಲಿ ಅಮೆರಿಕದ ಅಧಿಕಾರಿಗಳು ಟೆನೆಸ್ಸಿಯ ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ನಡೆಸಿ ಭಾರತದಿಂದ ಬಂದ ಬೀಟೆ, ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಬಲಪಂಥೀಯರು ಅದನ್ನು ಸರ್ಕಾರದ ದಬ್ಬಾಳಿಕೆಯೆಂದರು; ನಮ್ಮಂಥವರು ಪರಿಸರದ ಗೆಲುವೆಂದುಕೊಂಡೆವು. ಎರಡೂ ಅರ್ಧಸತ್ಯ. ಭಾರತದ ಮರದ ವಿಷಯದಲ್ಲಿ ವ್ಯಾಜ್ಯ ನಿಂತದ್ದು ಎಷ್ಟು ಮರ ಉರುಳಿತೆಂಬುದರ ಮೇಲಲ್ಲ, ಆ ಪಟ್ಟಿ ಬರಿಯ ಕೊಯ್ದ ಮರವೋ ಸಿದ್ಧ ವಾದ್ಯಭಾಗವೋ ಎಂಬುದರ ಮೇಲೆ. ಕೊಯ್ದ ಮರದ ರಫ್ತಿಗೆ ತಡೆಯಿತ್ತು, ವಾದ್ಯಭಾಗಕ್ಕೆ ಅವಕಾಶವಿತ್ತು. 2012ರಲ್ಲಿ ಕಂಪನಿ, ಮಡಗಾಸ್ಕರ್‌ನ ಕರಿಮರದ ಪ್ರಕರಣಕ್ಕಾಗಿ 3 ಲಕ್ಷ ಡಾಲರ್ ದಂಡ ತೆತ್ತಿತು. ಭಾರತದ ಮರ ಅದಕ್ಕೇ ಹಿಂದಿರುಗಿತು.

ಈ ಇಡೀ ಗದ್ದಲದಲ್ಲಿ ಬೀಟೆ ಬೆಳೆಯುವ ನೆಲದ ಮಾತು ಬರಲೇ ಇಲ್ಲ. ಕೊಡಗಿನ ಬಾಣೆ ಜಮೀನಿನಲ್ಲಿ, ಹಣ ಕಟ್ಟಿ ಬಿಡಿಸಿಕೊಳ್ಳದ ಹೊರತು, ಬೀಟೆ ಸರ್ಕಾರದ ಸ್ವತ್ತು. ಕಾಫಿಗೆ ನೆರಳೆಂದು ಅದನ್ನು ಕಾಪಾಡಿದ ಬೆಳೆಗಾರನದಲ್ಲ. ತನ್ನದಲ್ಲದ ಮರವನ್ನು ಉಳಿಸುವ ಉತ್ಸಾಹ ಯಾರಿಗಿದ್ದೀತು? ಅದೇ ಮರದಲ್ಲಿ ಕುಸುರಿ ಕೂರಿಸುವ ಮೈಸೂರಿನ ಕುಶಲಕರ್ಮಿಯ ಹೆಸರೂ ಆ ಚರ್ಚೆಯಲ್ಲಿ ಕೇಳಿಬರಲಿಲ್ಲ.

2017ರಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು. ಸಂಗೀತಗಾರರು, ತಯಾರಕರು ಸಂಘಟಿತರಾಗಿ ಒತ್ತಾಯಿಸಿದರು. 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ವಾದ್ಯ ಹೊತ್ತು ಗಡಿ ದಾಟುವ ಕಲಾವಿದನಿಗೆ ಅದು ನ್ಯಾಯವೇ. ಆದರೆ ಅದರೊಂದಿಗೆ ಮರದ ಜಾಡು ಹೇಳುವ ಕಾಗದವೂ ಕಣ್ಮರೆಯಾಯಿತು.

ಗಿಟಾರನ್ನು ಬಹಿಷ್ಕರಿಸಿರೆಂದು ನಾನು ಹೇಳುತ್ತಿಲ್ಲ; ಅದರ ನಾದಕ್ಕೆ ನಾನೂ ಸೋತವನೇ. ಕಾಫಿ ಪೊಟ್ಟಣದ ಮೇಲೆ ತೋಟದ ಹೆಸರನ್ನು ಹುಡುಕುವ ನಾವು, ಈ ಮರ ಯಾವ ಕಾಡಿನದು, ಯಾವ ನಾಟಾ ಡಿಪೊದ ಹರಾಜಿನಲ್ಲಿ ಮಾರಾಟವಾಯಿತು ಎಂದು ಕೇಳುವುದು ಅತಿಯಾಸೆಯಲ್ಲ. ಅಂಗಡಿಯವನನ್ನು ಕೇಳಿದೆ. ಅವನು ವಿವರಪತ್ರವನ್ನು ತಿರುಗಿಸಿ ನೋಡಿ, ‘ಇಂಡಿಯಾ’ ಎಂದ.