ಪಾಸ್ ಇದೆಯಾ ಮಾರಾಯ್ರೆ?

ಹೆಗ್ಗೋಡು ಅಂದ ಕೂಡಲೇ ಮುಂಬಯಿಯ ನಮ್ಮ ಕನ್ನಡಿಗರ ಕಣ್ಣು ಅರಳುತ್ತದೆ. "ಅಂಥ ಹಳ್ಳಿಯಲ್ಲಿ ಅಂಥ ರಂಗಭೂಮಿ! ಪವಾಡ ಕಣ್ರೀ!" ಅನ್ನುತ್ತಾರೆ. ಊರ ಕಡೆಯಿಂದ ನಾಟಕ ತಂಡ ಬರ್ತಾ ಇದೆ, ಟಿಕೆಟ್ ಇಟ್ಟಿದ್ದಾರೆ ಅನ್ನಿ ನೋಡೋಣ. ಅದೇ ಬಾಯಿ ಕೇಳುತ್ತದೆ: "ಪಾಸ್ ಇದೆಯಾ ಮಾರಾಯ್ರೆ?"

ನನಗೆ ಪಾಸ್ ಕೇಳುವುದಕ್ಕಿಂತ ಆ "ಪವಾಡ" ಅನ್ನೋ ಮಾತಿನ ಮೇಲೇ ಸಿಟ್ಟು ಜಾಸ್ತಿ. ಪವಾಡ ಅಂದುಬಿಟ್ಟರೆ ಕೈಮುಗಿದರೆ ಸಾಕು, ಕಿಸೆಗೆ ಕೈಹಾಕಬೇಕಾಗಿಲ್ಲ.

ಹೆಗ್ಗೋಡಿನಲ್ಲಿ ನಡೆದದ್ದೇನು? ಸಾಗರದ ಹತ್ತಿರ ಅಡಿಕೆ ತೋಟಗಳ ನಡುವಿನ ಊರು. 1949ರಲ್ಲಿ ಊರವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಆದದ್ದು 1972ರಲ್ಲಿ, ಅಂದರೆ 23 ವರ್ಷದ ಮೇಲೆ. ರಂಗಶಿಕ್ಷಣ ಕೇಂದ್ರ 1980ರಲ್ಲಿ. ತಿರುಗಾಟ 1985ರಲ್ಲಿ. ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ 1991, ಸಂಘಕ್ಕೆ ಆಗಲೇ 42 ವರ್ಷ. ಪವಾಡ ಇಷ್ಟು ನಿಧಾನಕ್ಕೆ ಆಗಲ್ಲ ಸ್ವಾಮಿ! ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. ತಿರುಗಾಟ ಅವರ ಜೊತೆ ಹೋಗಲಿಲ್ಲ, ಮುಂದುವರಿಯಿತು.

ಆ ತಿರುಗಾಟ ನಡೆಯೋದು ಹೇಗೆ? ಮಳೆಗಾಲದಲ್ಲಿ ಹೊಸ ನಾಟಕಗಳ ತಾಲೀಮು. ಮಳೆ ನಿಂತ ಮೇಲೆ ಸೆಟ್ಟು, ದೀಪ, ವೇಷಭೂಷಣ ಹೇರಿಕೊಂಡು ಊರೂರು ಸುತ್ತಾಟ. ಒಂದೂರಲ್ಲಿ ಆಡಿ, ಬಿಚ್ಚಿ, ಗಂಟು ಕಟ್ಟಿ ಮುಂದಿನೂರು. ಆಯಾ ಊರಿನ ಸಂಘಟಕರು ಒಪ್ಪಿದ ಹಣ ಕೊಟ್ಟು ಕರೆಸಬೇಕು. ಆ ಹಣಕ್ಕಾಗಿ ಮೇಷ್ಟ್ರುಗಳು, ಅಂಗಡಿಯವರು ಟಿಕೆಟ್ ಪುಸ್ತಕ ಹಿಡಿದು ಮನೆಮನೆ ಹತ್ತಿಳಿಯುತ್ತಾರೆ. ಸಣ್ಣ ಊರಿನ ರಂಗಭೂಮಿ ನಿಂತಿರೋದು ಆ ಟಿಕೆಟ್ ಪುಸ್ತಕದ ಮೇಲೆ.

"ನೀನಾಸಂಗೇನ್ರಿ, ಫೋರ್ಡ್ ಫೌಂಡೇಶನ್ ದುಡ್ಡು ಬಂದಿತ್ತು" ಅನ್ನುವವರಿದ್ದಾರೆ. ಬಂದಿತ್ತು, 80ರ ದಶಕದಲ್ಲಿ, ಜನಸ್ಪಂದನ ಯೋಜನೆಗೆ. ಅನುದಾನ ಒಂದು ದಿನ ಮುಗಿಯುತ್ತದೆ. ಆಮೇಲೆ ಉಳಿಯಬೇಕಾದವರು ನೋಡುಗರು.

ಇನ್ನೊಂದು ವಾದ: "ಹೊರನಾಡಲ್ಲಿ ಟಿಕೆಟ್ ಇಟ್ಟರೆ ಜನ ಬರಲ್ಲ, ಕನ್ನಡ ಉಳಿಯಬೇಕಾದರೆ ಉಚಿತ ಇರಬೇಕು." ಹೌದಾ? ದಾದರಿನ ಶಿವಾಜಿ ಮಂದಿರದಲ್ಲಿ ಮರಾಠಿ ನಾಟಕಕ್ಕೆ ಮನೆಮಂದಿಯೆಲ್ಲ ದುಡ್ಡು ಕೊಟ್ಟು ಹೋಗ್ತಾರಲ್ಲ? ಅವರ ಜೊತೆ ಸಾಲಿನಲ್ಲಿ ನಿಂತು ನಾವೂ ಟಿಕೆಟ್ ಕೊಂಡಿದ್ದೇವೆ. ಅಲ್ಲಿ ಇರುವ ದುಡ್ಡು ಕನ್ನಡ ನಾಟಕದ ಬಾಗಿಲಲ್ಲಿ ಎಲ್ಲಿಗೆ ಹೋಗುತ್ತದೆ? ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಪಾಸ್ ಕೊಡಿ, ನನ್ನ ತಕರಾರಿಲ್ಲ. ಆದರೆ ಪಾಸ್ ಕೇಳುವವರು ಮೊದಲ ಸಾಲಿನ ಸೋಫಾದವರು!

ಕೆಲವು ವರ್ಷದ ಹಿಂದೆ ಇಲ್ಲಿನ ಒಂದು ಸಂಘದಲ್ಲಿ ನಾಟಕ, ಉಚಿತ ಪ್ರವೇಶ. ಆರೂವರೆಗೆ ಶುರುವಾಗಬೇಕಿತ್ತು. ಸನ್ಮಾನ, ಶಾಲು, ಹಾರ, ಭಾಷಣ ಮುಗಿದಾಗ ಎಂಟು ದಾಟಿತ್ತು. ಅರ್ಧ ನಾಟಕಕ್ಕೆ ಅರ್ಧ ಸಭೆ ಲೋಕಲ್ ಹಿಡಿಯಲು ಎದ್ದು ಹೋಯಿತು. ಟಿಕೆಟ್ ಕೊಂಡಿದ್ದರೆ ಒಬ್ಬರಾದರೂ "ನಾಟಕ ಶುರು ಮಾಡ್ರೀ" ಅಂತ ಕೂಗುತ್ತಿದ್ದರು. ಪುಕ್ಕಟೆ ಕೂತವನಿಗೆ ಕೂಗುವ ಹಕ್ಕೆಲ್ಲಿ? ಕೊನೆಗೆ ನಟರೇ ಸೆಟ್ ಬಿಚ್ಚುತ್ತಿದ್ದರೆ, ನಾವು ಅವರ ಹಗ್ಗ ದಾಟಿಕೊಂಡು ಊಟದ ಸಾಲಿಗೆ ಓಡಿದೆವು. ಆ ಸಾಲಿನಲ್ಲಿ ನಾನೂ ಇದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಂಘದವರೇ, ಸನ್ಮಾನ ಬೇರೆ ದಿನ ಇಟ್ಟುಕೊಳ್ಳಿ, ನಾಟಕಕ್ಕೆ ಟಿಕೆಟ್ ಇಡಿ. ಉಳಿದವರೇ, ಮುಂದಿನ ಸಲ ಫೋನ್ ಬಂದಾಗ ಪಾಸ್ ಕೇಳಬೇಡಿ. "ನಮ್ಮನೆಗೆ ನಾಲ್ಕು ಟಿಕೆಟ್ ತೆಗೆದಿಡಿ" ಅನ್ನಿ. ಹೆಗ್ಗೋಡಿನ ಬಗ್ಗೆ ಹೆಮ್ಮೆ ಆಮೇಲೆ ಪಡೋಣ.